ಒಳಗಿನ ಕ್ಯಾಬಿನ್, ನಡೆದೇ ಇಳಿಯುವ ಬಂದರು: ಅಪ್ಪ ಅಮ್ಮನ ಜೊತೆ ಕೆರಿಬಿಯನ್ ಕ್ರೂಸ್

ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತು ದಾಟಿದೆ. ಅಮ್ಮನಿಗೆ ಮಂಡಿ ನೋವು. ಮನೆಯಲ್ಲಿ ಯಾರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಇಂಥವರನ್ನು ಡಿಸೆಂಬರ್‌ನಲ್ಲಿ ಒಂದು ವಾರ ಕೆರಿಬಿಯನ್ ಕ್ರೂಸ್‌ಗೆ, ಅದೂ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ನಲ್ಲಿ, ಹಡಗಿನವರ ಒಂದೂ ಟೂರ್ ತೆಗೆದುಕೊಳ್ಳದೆ ಕರೆದುಕೊಂಡು ಹೋಗ್ತೀನಿ ಅಂದಾಗ ಡೆಟ್ರಾಯಿಟ್ ಕಡೆಯ ನಮ್ಮ ಕನ್ನಡದವರು ನಕ್ಕಿದ್ದೇ ನಕ್ಕಿದ್ದು. "ಬಾಲ್ಕನಿ ಇಲ್ದೆ ಕ್ರೂಸ್ ಹೋಗಿ ಏನು ಬಂತು ಮಾರಾಯ" ಅಂದರು ಒಬ್ಬರು. "ಒಂದು ವಾರ ಏನು ತಿಂತಾರೆ, ಬರೀ ಬ್ರೆಡ್ಡಾ?" ಅಂದರು ಇನ್ನೊಬ್ಬರು. ಹೋಗಿ ಬಂದಾಯಿತು. ನಾಲ್ಕು ಜನಕ್ಕೆ ಹಡಗಿನ ಖರ್ಚು ಟಿಪ್ಸ್, ಟ್ಯಾಕ್ಸ್ ಎಲ್ಲ ಸೇರಿ ಮೂರು ಸಾವಿರ ಡಾಲರ್ ಒಳಗೆ. ಈಗ ಅದೇ ಜನ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಕ್ರೂಸ್‌ನಲ್ಲಿ ಯಾವುದು ಫ್ರೀ, ಯಾವುದಕ್ಕೆ ದುಡ್ಡು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡ್ತೀನಿ.

ಎಲ್ಲರೂ ಮೊದಲು ಹಡಗು ಆರಿಸುತ್ತಾರೆ. ಎಷ್ಟು ಅಂತಸ್ತು, ಎಷ್ಟು ಸ್ವಿಮ್ಮಿಂಗ್ ಪೂಲ್, ಜಾರುಬಂಡೆ ಇದೆಯಾ ಇಲ್ವಾ. ನಾನು ಈ ಸಲ ಬಂದರುಗಳ ಪಟ್ಟಿ ಮಾತ್ರ ಹಿಡಿದು ಕೂತೆ. ನೋಡಿದ್ದು ಒಂದೇ: ಹಡಗು ಕಟ್ಟೆಗೆ ತಾಗಿ ನಿಲ್ಲುತ್ತದಾ, ಅಥವಾ ನೀರಿನಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಇಳಿಸುತ್ತಾರಾ. ಇದರ ಹಿಂದೆ ಒಂದು ಕಥೆ ಇದೆ. ಕೆಲವು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಪಶ್ಚಿಮದ ರೂಟ್‌ನಲ್ಲಿ ಹೋಗಿದ್ದೆವು, ಬಾಲ್ಕನಿ ಕ್ಯಾಬಿನ್, ಸುಮಾರು ದುಡ್ಡು. ಗ್ರ್ಯಾಂಡ್ ಕೇಮನ್‌ನಲ್ಲಿ ಕ್ರೂಸ್ ಹಡಗಿಗೆ ಕಟ್ಟೆಯೇ ಇಲ್ಲ, ಎಲ್ಲರೂ ಟೆಂಡರ್ ದೋಣಿಯಲ್ಲೇ ಇಳಿಯಬೇಕು. ಅವತ್ತು ಬೆಳಿಗ್ಗೆ ಅಲೆ ಜೋರಾಗಿತ್ತು. ಊರು ಕಣ್ಣೆದುರೇ ಇದೆ, ಕ್ಯಾಪ್ಟನ್ ಮೈಕ್‌ನಲ್ಲಿ ಸಾರಿ ಹೇಳಿ ಹಡಗು ತಿರುಗಿಸಿಬಿಟ್ಟರು. ವಾಪಸ್ ಬಂದಿದ್ದು ಬಂದರಿನ ಟ್ಯಾಕ್ಸ್ ಮಾತ್ರ, ತಲೆಗೆ ಹತ್ತು ಹದಿನೈದು ಡಾಲರ್ ಇರಬೇಕು. ಹೊರಗಿನವರ ಹತ್ತಿರ ಮೊದಲೇ ಕಟ್ಟಿದ್ದ ಸ್ಟಿಂಗ್‌ರೇ ಮೀನು ನೋಡುವ ಟೂರ್ ದುಡ್ಡಲ್ಲಿ ಅರ್ಧ ಹೋಯಿತು, ಇನ್ನರ್ಧಕ್ಕೆ ಎಷ್ಟೋ ಇಮೇಲ್ ಬರೆಯಬೇಕಾಯಿತು. ಅಲೆ ಇಲ್ಲದ ದಿನವೇ ಆಗಿದ್ದರೂ ಮೇಲೆ ಕೆಳಗೆ ಆಡುವ ದೋಣಿಗೆ ಅಮ್ಮ ಕಾಲಿಡುವುದು ನೆನೆಸಿಕೊಂಡರೇ ಭಯ.

ಅದಕ್ಕೇ ಪೂರ್ವದ ರೂಟ್. ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟು ಸ್ಯಾನ್ ವಾನ್, ಸೇಂಟ್ ಥಾಮಸ್, ಸೇಂಟ್ ಮಾರ್ಟೆನ್. ಮೂರೂ ಕಡೆ ಕಟ್ಟೆಗೆ ತಾಗುತ್ತದೆ, ನಡೆದುಕೊಂಡೇ ಇಳಿಯಬಹುದು. ಇನ್ನೊಂದು ಲಾಭ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಯಾನ್ ವಾನ್ ಇರುವ ಪೋರ್ಟೊ ರಿಕೊ, ಸೇಂಟ್ ಥಾಮಸ್ ಇರುವ ಯುಎಸ್ ವರ್ಜಿನ್ ಐಲ್ಯಾಂಡ್ಸ್ ಎರಡೂ ಅಮೆರಿಕದ್ದೇ, ಹಾಗಾಗಿ ನನ್ನ ಮಾಮೂಲಿ ಫೋನ್ ಪ್ಲಾನ್ ಅಲ್ಲಿ ಓಡಿತು. ಹಡಗಿನ ವೈಫೈಗೆ ದಿನಕ್ಕೆ ಇಪ್ಪತ್ತು ಡಾಲರ್ ಮೇಲೆ ಕೇಳುತ್ತಾರೆ, ಒಂದು ಪೈಸೆ ಕೊಡಲಿಲ್ಲ. ಸಮುದ್ರದಲ್ಲಿ ಇದ್ದಾಗ ಎಲ್ಲರ ಫೋನೂ ಏರೋಪ್ಲೇನ್ ಮೋಡ್. ಅಪ್ಪನ ಫೋನ್ ನಾನೇ ಕಿತ್ತಿಟ್ಟುಕೊಂಡಿದ್ದೆ, ಇಲ್ಲದಿದ್ದರೆ ಶಿವಮೊಗ್ಗಕ್ಕೆ ವಾಟ್ಸಾಪ್ ಮಾಡಲು ಹೋಗಿ ಹಡಗಿನ ಟವರ್‌ಗೆ ಸಿಕ್ಕಿಕೊಂಡು ಬಿಲ್ಲು ಎಲ್ಲಿಗೆ ಹೋಗುತ್ತಿತ್ತೋ.

ಹಾಗಾದರೆ ಪೂರ್ತಿ ಅಮೆರಿಕದ ಬಂದರುಗಳಷ್ಟೇ ಇರುವ ರೂಟ್ ಸಿಗಲ್ವಾ, ವೀಸಾ ತಲೆಬಿಸಿಯೇ ಬೇಡ ಅಂತ ಒಬ್ಬರು ಕೇಳಿದರು. ಈ ದೊಡ್ಡ ಹಡಗುಗಳಲ್ಲಿ ಸಿಗಲ್ಲ. ಇವು ಹೆಚ್ಚಾಗಿ ಬಹಾಮಾಸ್, ಪನಾಮಾದಂಥ ಕಡೆ ನೋಂದಣಿ ಆದವು. 1886ರ ಒಂದು ಹಳೇ ಕಾನೂನಿನಿಂದಾಗಿ ವಿದೇಶಿ ಬಾವುಟದ ಹಡಗು ನಡುವೆ ಒಂದಾದರೂ ಹೊರದೇಶದ ಬಂದರು ಮುಟ್ಟಲೇಬೇಕು. ಅಂದರೆ ನೀವು ಅಮೆರಿಕ ಬಿಟ್ಟು ಮತ್ತೆ ಒಳಗೆ ಬಂದ ಲೆಕ್ಕ. ಅಪ್ಪ ಅಮ್ಮನದು ಹತ್ತು ವರ್ಷದ ಮಲ್ಟಿಪಲ್ ಎಂಟ್ರಿ ವಿಸಿಟರ್ ವೀಸಾ, ತೊಂದರೆ ಆಗಲಿಲ್ಲ. ಐ-94, ಅಂದರೆ ಅಮೆರಿಕದೊಳಗೆ ಬಂದ ದಾಖಲೆ, ಅದರ ಪ್ರಿಂಟ್ ಕೈಯಲ್ಲಿತ್ತು. ವಾಪಸ್ ಬರುವಾಗ ಇಲ್ಲಿರಲು ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ಕನಸು ಕಾಣಬೇಡಿ. ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಕೆಲಸದ ವೀಸಾ ಸ್ಟಾಂಪ್ ಮುಗಿದವರು ಹಡಗು ಹತ್ತುವ ಮುಂಚೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಈಗ ದುಡ್ಡು. "ಕೊನೇ ಗಳಿಗೆಯಲ್ಲಿ ಬುಕ್ ಮಾಡು, ನೀರಿನ ರೇಟಿಗೆ ಸಿಗುತ್ತೆ" ಅನ್ನೋದು ನಮ್ಮಲ್ಲಿ ಎಲ್ಲರ ಮಾತು. ಒಂದು ಸಲ ಹಾಗೆ ಕಾದೆ. ಕ್ಯಾಬಿನ್ ಅಗ್ಗಕ್ಕೆ ಸಿಕ್ಕಿತು, ವಿಮಾನದ ಟಿಕೆಟ್ ಎರಡರಷ್ಟಾಯಿತು. ಜೊತೆಗೆ ಅದು ಗ್ಯಾರಂಟಿ ಕ್ಯಾಬಿನ್, ಅವರು ಕೊಟ್ಟಲ್ಲಿ ಮಲಗಬೇಕು. ಕೊಟ್ಟಿದ್ದು ಪೂಲ್ ಡೆಕ್‌ನ ಸರಿ ಕೆಳಗೆ. ಬೆಳಗಿನ ಜಾವ ಐದಕ್ಕೆ ತಲೆ ಮೇಲೆ ಕುರ್ಚಿ ಎಳೆಯುವ ಸದ್ದು, ವಾರ ಪೂರ್ತಿ.

ಈ ಸಲ ಏಪ್ರಿಲ್‌ನಲ್ಲೇ ರೀಫಂಡ್ ಆಗುವ ಡೆಪಾಸಿಟ್ ಹಾಕಿ ಎರಡು ಒಳಗಿನ ಕ್ಯಾಬಿನ್ ಹಿಡಿದೆ, ಎದುರು ಬದುರು. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ, ಕ್ರಿಸ್‌ಮಸ್ ರಜೆ ಶುರುವಾಗುವ ಮುಂಚೆ. ಆಗ ಚಂಡಮಾರುತದ ಸೀಸನ್ನೂ ಮುಗಿದಿರುತ್ತದೆ, ಶಾಲೆಗಳೂ ನಡೆಯುತ್ತಿರುತ್ತವೆ. ಕ್ರಿಸ್‌ಮಸ್ ವಾರದಲ್ಲಿ ಅದೇ ಕ್ಯಾಬಿನ್‌ಗೆ ಹೆಚ್ಚು ಕಡಿಮೆ ಡಬಲ್. ಆಮೇಲೆ ಪೂರ್ತಿ ದುಡ್ಡು ಕಟ್ಟುವ ಗಡುವಿನವರೆಗೆ, ಅಂದರೆ ಹೊರಡುವ ಮೂರು ತಿಂಗಳ ಮುಂಚಿನವರೆಗೆ, ವಾರಕ್ಕೊಮ್ಮೆ ಬೆಲೆ ನೋಡುವುದು, ಬಿದ್ದಿದ್ದರೆ ಫೋನ್ ಮಾಡಿ ಕಡಿಮೆ ಮಾಡಿಸುವುದು. ಕೇಳಿದರೆ ಮಾಡುತ್ತಾರೆ, ಕೇಳದಿದ್ದರೆ ಅವರಾಗೇ ಹೇಳಲ್ಲ. ತಲೆಗೆ 620ರ ಹತ್ತಿರ ಇದ್ದದ್ದು 480ರ ಸುಮಾರಿಗೆ ಬಂತು. ಟ್ಯಾಕ್ಸ್ ಒಂದು 140, ಟಿಪ್ಸ್ ಒಂದು 120 ಸೇರಿಸಿಕೊಳ್ಳಿ. ಇದರ ಮೇಲೆ ಹಡಗಿನಲ್ಲಿ ಖರ್ಚು ಮಾಡಲು ಒಂದಷ್ಟು ಕ್ರೆಡಿಟ್ ಕೂಡ ಬಂತು. ಯಾವ ಏಜೆಂಟ್, ಏನು ಹೇಳಿ ತೆಗೆಸಿದೆ ಅನ್ನೋದನ್ನು ಮಾತ್ರ ಬರೆಯಲ್ಲ, ಎಲ್ಲರೂ ಅದನ್ನೇ ಕೇಳಲು ಶುರು ಮಾಡಿದರೆ ನನಗೂ ನಿಂತು ಹೋಗುತ್ತದೆ.

ಕ್ಯಾಬಿನ್ ಆರಿಸುವಾಗ ಡೆಕ್ ಪ್ಲ್ಯಾನ್ ತೆಗೆದು ಮೇಲೆಯೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಕಡೆ, ಹಡಗಿನ ಮಧ್ಯಕ್ಕೆ, ಕೆಳಗಿನ ಡೆಕ್‌ನಲ್ಲಿ ನೋಡಿದೆ. ಅಲ್ಲಿ ಓಲಾಟ ಕಡಿಮೆ. ಆದರೂ ಮೊದಲ ರಾತ್ರಿ ಅಮ್ಮನಿಗೆ ವಾಂತಿಯಾಯಿತು. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದರೆ ಬಹಾಮಾಸ್ ದಾಟುವವರೆಗೆ ಸ್ವಲ್ಪ ಕುಲುಕಾಟ ಇರುತ್ತದೆ. ಓಲಾಟದ ವಾಂತಿಗೆ ಮೆಕ್ಲಿಜಿನ್ ಮಾತ್ರೆ, ಒಂದು ಹಸಿರು ಸೇಬು, ಶುಂಠಿ ಕೊಟ್ಟೆ. ಮರುದಿನ ಮಧ್ಯಾಹ್ನ ಎದ್ದು "ಕಾಫಿ ಎಲ್ಲಿ ಸಿಗುತ್ತೋ" ಅಂದರು. ಕಿಟಕಿ ಇಲ್ಲದ್ದಕ್ಕೆ ನನ್ನ ಉಪಾಯ: ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇರುತ್ತದೆ, ಸೌಂಡ್ ತೆಗೆದು ರಾತ್ರಿ ಅದನ್ನೇ ಹಾಕಿಡುವುದು. ಬೆಳಗಾದರೆ ಕೋಣೆಯೂ ಬೆಳಗುತ್ತದೆ. ಅಪ್ಪ ಬೆಳಿಗ್ಗೆ ಹಾಸಿಗೆಯಲ್ಲೇ ಕೂತು ಅದನ್ನು ನೋಡುತ್ತಾ ದ್ವೀಪ ಬಂತು, ಬಂತು ಅಂತ ಕಾಮೆಂಟರಿ ಕೊಡುತ್ತಿದ್ದರು.

ಊಟ. ಬುಕಿಂಗ್ ಫಾರಂನಲ್ಲಿ ಬರೀ ವೆಜಿಟೇರಿಯನ್ ಅಂತ ಟಿಕ್ ಮಾಡಿದರೆ ಬೇಯಿಸಿದ ಬ್ರಾಕೊಲಿ, ಪಾಸ್ತಾ ಅಷ್ಟೇ. ಅದನ್ನು ಹಿಂದೆ ಅನುಭವಿಸಿದ್ದೇನೆ. ಮೊದಲ ದಿನ ಸಂಜೆಯೇ ಊಟದ ಹಾಲ್‌ಗೆ ಸ್ವಲ್ಪ ಬೇಗ ಹೋಗಿ ಹೆಡ್ ವೇಟರ್‌ಗೆ ಇಂಡಿಯನ್ ವೆಜಿಟೇರಿಯನ್ ಅಂತ ಬಾಯಿ ಬಿಟ್ಟು ಹೇಳಬೇಕು, ನಾಳೆಯದನ್ನು ಇವತ್ತೇ ಹೇಳಬೇಕು. ಹಡಗಿನ ಅಡುಗೆಮನೆಗಳಲ್ಲಿ ನಮ್ಮ ದೇಶದವರು ಬೇಕಾದಷ್ಟಿದ್ದಾರೆ. ಮೊದಲೆರಡು ದಿನ ದಾಲ್, ಅನ್ನ, ಪನೀರ್, ಮತ್ತೆ ಪನೀರ್. ಆಮೇಲೆ ನಮ್ಮ ಟೇಬಲ್‌ಗೆ ನೀರು ತರುತ್ತಿದ್ದ ಹುಡುಗ ಉಡುಪಿ ಕಡೆಯವನು ಅಂತ ಗೊತ್ತಾಯಿತು. ಅಮ್ಮ ಅವನ ಹತ್ತಿರ ಅದೇನು ಮಾತಾಡಿದರೋ, ಮಾರನೇ ರಾತ್ರಿ ಸೂಪ್ ಬಟ್ಟಲಲ್ಲಿ ತಿಳಿಸಾರು ಬಂತು. ಇಂಗಿನ ಒಗ್ಗರಣೆ ಇರಲಿಲ್ಲ, ಆದರೆ ಸಾರೇ. ಏಕಾದಶಿ ದಿನ ಬಫೆಯ ಹಣ್ಣು ಸಾಕಾಯಿತು.

ಮನೆಯಲ್ಲಿ ಮಾಡಿದ ತಿಂಡಿ ಬಿಡುವುದಿಲ್ಲ, ಸೀಲ್ ಆದ ಪ್ಯಾಕೆಟ್ ಬಿಡುತ್ತಾರೆ. ಎಂಟಿಆರ್ ಪ್ಯಾಕೆಟ್‌ಗಳು, ಅಂಗಡಿಯ ಚಟ್ನಿಪುಡಿ ಒಯ್ದಿದ್ದೆ. ಕೆಟಲ್, ರೈಸ್ ಕುಕ್ಕರ್ ಬೇಡ. ಸ್ನೇಹಿತರೊಬ್ಬರ ಕುಕ್ಕರ್ ಹತ್ತುವ ದಿನವೇ ಹಿಡಿದಿಟ್ಟುಕೊಂಡು ಇಳಿಯುವ ದಿನ ಕೊಟ್ಟರು. ಬಿಸಿನೀರು ಬಫೆಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ಸ್ಟೀಲ್ ಫ್ಲಾಸ್ಕ್ ಇದ್ದರೆ ಆಯಿತು.

ಈ ಮಧ್ಯೆ ಒಂದು ಪ್ರಯೋಗ ಮಾಡಿದೆ: ಹಡಗಿನಲ್ಲಿ ಮೊಸರು ಹೆಪ್ಪು ಹಾಕುವುದು. ಅಲ್ಲಿನ ಯೋಗರ್ಟ್ ಅಮ್ಮನಿಗೆ ಹಿಡಿಸಲಿಲ್ಲ, "ಇದೆಂಥ ಅಂಟು" ಅಂದರು. ಕಾಫಿ ಕೌಂಟರ್‌ನಲ್ಲಿ ಬಿಸಿ ಹಾಲು ಫ್ಲಾಸ್ಕಿಗೆ ಹಾಕಿಸಿಕೊಂಡು ಬಂದು, ಉಗುರುಬೆಚ್ಚಗಾದ ಮೇಲೆ ಸ್ಟೀಲ್ ಡಬ್ಬಿಗೆ ಬಗ್ಗಿಸಿ ಅದೇ ಯೋಗರ್ಟ್ ಅರ್ಧ ಚಮಚ ಹೆಪ್ಪು. ಮೊದಲ ರಾತ್ರಿ ಮೇಜಿನ ಮೇಲಿಟ್ಟೆ, ಎಸಿಗೆ ಹಾಲು ಹಾಲಾಗೇ ಇತ್ತು. ಎರಡನೇ ರಾತ್ರಿ ಪುಟ್ಟ ಫ್ರಿಜ್ ಇರುವ ಕಪಾಟಿನೊಳಗೆ, ಅದರ ಹಿಂಬದಿಯ ಸಂದಿಯಲ್ಲಿ ಕೈ ಇಟ್ಟು ನೋಡಿದರೆ ಬೆಚ್ಚಗಿತ್ತು. ಡಬ್ಬಿಗೆ ಟವೆಲ್ ಸುತ್ತಿ ಅಲ್ಲಿ ತುರುಕಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿ ಮೊಸರು, ಡಬ್ಬಿ ಓರೆ ಮಾಡಿದರೂ ಅಲುಗಲಿಲ್ಲ. ಬಫೆಯ ಅನ್ನ, ಈ ಮೊಸರು, ಚಟ್ನಿಪುಡಿ. ನಗುತ್ತಿದ್ದವರಿಗೆ ಅದರ ಫೋಟೋವನ್ನೇ ಮೊದಲು ಕಳಿಸಿದ್ದು.

ಬಂದರುಗಳಲ್ಲಿ ಹಡಗಿನ ಟೂರ್ ಅಂದರೆ ತಲೆಗೆ ಎಪ್ಪತ್ತು, ಎಂಬತ್ತು. ನಾಲ್ಕು ಜನ, ಮೂರು ಬಂದರು, ನೀವೇ ಲೆಕ್ಕ ಹಾಕಿ. ನಮಗೆ ಮೂರೂ ಸೇರಿ ನೂರೈವತ್ತು ದಾಟಲಿಲ್ಲ.

ಸ್ಯಾನ್ ವಾನ್‌ನಲ್ಲಿ ಹಳೇ ಊರು ಕಟ್ಟೆಯ ಎದುರಿಗೇ ಇದೆ, ಆದರೆ ಏರು. ಅದಕ್ಕೇ ಹೋಗುವಾಗ ಮಾತ್ರ ಟ್ಯಾಕ್ಸಿಯಲ್ಲಿ ಎಲ್ ಮೊರೊ ಕೋಟೆ, ವಾಪಸ್ ಇಳಿಜಾರಿನಲ್ಲಿ ನೀಲಿ ಕಲ್ಲು ಹಾಸಿದ ಬೀದಿಗಳಲ್ಲಿ ನಿಧಾನಕ್ಕೆ ನಡಿಗೆ. ಕೋಟೆಗೆ ದೊಡ್ಡವರಿಗೆ ಹತ್ತು ಡಾಲರ್, ನಿಮ್ಮ ಹತ್ತಿರ ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇದ್ದರೆ ಅದೇ ನಡೆಯುತ್ತದೆ. ಬಾಗಿಲಿಗೂ ರಸ್ತೆಗೂ ನಡುವೆ ನೆರಳಿಲ್ಲದ ದೊಡ್ಡ ಹುಲ್ಲುಗಾವಲು. ಗಾಳಿಪಟ ಹಾರಿಸುವವರು ತುಂಬಾ, ಗಾಳಿಗೆ ಅಮ್ಮನ ಛತ್ರಿ ಮಗುಚಿತು.

ಸೇಂಟ್ ಥಾಮಸ್‌ನಲ್ಲಿ ಕಾರುಗಳು ಅಮೆರಿಕದವು, ಓಡುವುದು ಮಾತ್ರ ನಮ್ಮೂರಿನ ಹಾಗೆ ಎಡಗಡೆ. 1917ರಲ್ಲಿ ಡೆನ್ಮಾರ್ಕ್ ಈ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರ್‌ಗೆ ಮಾರಿತಂತೆ ಅಂತ ಹೇಳಿದ್ದಕ್ಕೆ ಅಪ್ಪ, "ಈಗ ಎಕರೆಗೆ ಎಷ್ಟಿದೆ ಕೇಳು" ಅಂದರು. ಅಲ್ಲಿ ಸಫಾರಿ ಅಂತ ತೆರೆದ ಲಾರಿಯಂಥ ಬಸ್ ಇದೆ, ಬೆಂಚು ಹಾಕಿರುತ್ತಾರೆ, ಊರ ಜನ ಒಂದೆರಡು ಡಾಲರ್ ಕೊಟ್ಟು ಓಡಾಡುತ್ತಾರೆ. ಹತ್ತುವ ಮೆಟ್ಟಿಲು ಎತ್ತರ, ಮಂಡಿ ನೋವಿನವರನ್ನು ಒಬ್ಬರು ಹಿಡಿದುಕೊಳ್ಳಬೇಕು. ಸಮಯದ ಬಗ್ಗೆ ಒಂದು ಎಚ್ಚರ: ಚಳಿಗಾಲದಲ್ಲಿ ಈ ದ್ವೀಪಗಳ ಗಡಿಯಾರ ಫ್ಲೋರಿಡಾಗಿಂತ ಒಂದು ಗಂಟೆ ಮುಂದೆ. ಹಡಗು ತನ್ನ ಗಡಿಯಾರ ಬದಲಿಸಿದೆಯಾ ಅಂತ ಇಳಿಯುವ ಮುಂಚೆ ಕೇಳಿಕೊಳ್ಳಿ. ಟೂರ್ ಅವರದ್ದಲ್ಲದಿದ್ದರೆ ನಿಮಗಾಗಿ ಹಡಗು ಕಾಯುವುದಿಲ್ಲ. ನಾನು ಎಲ್ಲ ಕಡೆಯೂ ಎರಡು ಗಂಟೆ ಮುಂಚೆಯೇ ವಾಪಸ್ ಕರೆತಂದುಬಿಡುತ್ತಿದ್ದೆ.

ಸೇಂಟ್ ಮಾರ್ಟೆನ್‌ನಲ್ಲಿ ಅಪ್ಪನಿಗಾಗಿ ಮಾಹೋ ಬೀಚ್. ವಿಮಾನಗಳು ತಲೆ ಮೇಲೇ ಬಂದು ಇಳಿಯುವ ಜಾಗ. ಹಡಗು ನಿಲ್ಲುವ ಊರು ಫಿಲಿಪ್ಸ್‌ಬರ್ಗ್‌ನಿಂದ ಮಿನಿಬಸ್, ತಲೆಗೆ ಎರಡು ಮೂರು ಡಾಲರ್. ಬೇಲಿ ಹಿಡಿದುಕೊಂಡು ನಿಲ್ಲಬೇಡಿ, ವಿಮಾನ ಮೇಲೇರುವಾಗಿನ ಗಾಳಿಗೆ ಸಿಕ್ಕಿ 2017ರಲ್ಲಿ ಒಬ್ಬರು ಸತ್ತಿದ್ದಾರೆ. ನಾವು ಪಕ್ಕಕ್ಕೆ ಕೂತು ನೋಡಿದೆವು. ಫಿಲಿಪ್ಸ್‌ಬರ್ಗ್‌ನ ಫ್ರಂಟ್ ಸ್ಟ್ರೀಟ್‌ನಲ್ಲಿ ಆಭರಣ, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಂಧಿಗಳು ತುಂಬಾ ಇದ್ದಾರೆ. ಒಬ್ಬರ ಹತ್ತಿರ ಅಪ್ಪ ತಮ್ಮ ಬ್ಯಾಂಕ್ ಕಾಲದ ಹಿಂದಿ ತೆಗೆದರು. ಏನೂ ಕೊಳ್ಳಲಿಲ್ಲ, ಆದರೂ ಆ ಅಂಗಡಿಯವರು ಚಹಾ ಕೊಟ್ಟು, ಸಸ್ಯಾಹಾರ ಸಿಗುವ ಜಾಗವನ್ನೂ ತೋರಿಸಿದರು. ಯಾವ ಗಲ್ಲಿ ಅಂತ ನಮ್ಮ ಮನೆಗೆ ಊಟಕ್ಕೆ ಬಂದವರಿಗೆ ಹೇಳ್ತೀನಿ.

ಇನ್ನೆರಡು ಮಾತು. ಹಡಗು ಹೊರಡುವ ಹಿಂದಿನ ದಿನವೇ ಫ್ಲೋರಿಡಾ ಸೇರಿಕೊಳ್ಳಿ. ಮಿಷಿಗನ್‌ನಲ್ಲಿ ಹಿಮ ಬಿದ್ದು ಬೆಳಗಿನ ವಿಮಾನ ರದ್ದಾದರೆ ಇಷ್ಟೆಲ್ಲ ಉಳಿಸಿದ್ದು ನೀರಲ್ಲಿ ಹೋಮ, ಹೋಟೆಲ್‌ನ ನೂರು ಚಿಲ್ಲರೆ ಡಾಲರ್ ದಂಡ ಅಲ್ಲ. ಕೊನೇ ರಾತ್ರಿ ಬಿಲ್ಲು ಪೂರ್ತಿ ಓದಿ. ನಮ್ಮದರಲ್ಲಿ ಯಾರೂ ಕುಡಿಯದ ಎರಡು ಕಾಕ್‌ಟೇಲ್ ಇತ್ತು, ರಾತ್ರಿ ಕೌಂಟರ್‌ಗೆ ಹೋಗಿ ತೆಗೆಸಿದೆ. ಬೆಳಿಗ್ಗೆ ಹೋದರೆ ಉದ್ದದ ಸಾಲು ಇರುತ್ತದೆ.