ಕಟ್ಟಿಗೆ ಒಲೆಯ ಪಿಜ್ಜಾಕ್ಕೆ ಮೂರೇ ವೈನ್ ಸಾಕು

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಪಿಜ್ಜಾ ರೆಸ್ಟೋರೆಂಟ್ ಇದೆ. ಕಟ್ಟಿಗೆ ಒಲೆ, ಮರದ ಬೆಂಚು, ಸಂಜೆ ಆಯಿತೆಂದರೆ ಗದ್ದಲ. ಬಾರ್ ಅಂಡ್ ರೆಸ್ಟೋರೆಂಟ್‌ಗೆ ಕೊಡುವ ಸಿಎಲ್-9 ಲೈಸೆನ್ಸ್ ಇರುವುದರಿಂದ ಬಿಯರ್ ಜೊತೆ ವೈನನ್ನೂ ಕೊಡುತ್ತೇವೆ. ವೈನ್ ಅಂದರೆ ದುಬಾರಿ, ದೊಡ್ಡ ಹೋಟೆಲಿನದು ಅನ್ನುವ ಮಾತು ಇಲ್ಲಿ ಇನ್ನೂ ಇದೆ. ಹಾಗೇನೂ ಇರಬೇಕಿಲ್ಲ. ನಮ್ಮ ಮೆನುವಿನಲ್ಲಿ ಇರುವುದು ಮೂರೇ ವೈನ್. ಮೂರೂ ಗ್ಲಾಸ್ ಲೆಕ್ಕದಲ್ಲಿ ಸಿಗುತ್ತವೆ. ಯಾವ ಗ್ಲಾಸಿನ ಬೆಲೆಯೂ ಒಂದು ಪಿಜ್ಜಾದ ಬೆಲೆ ದಾಟುವುದಿಲ್ಲ.

ನಾನು ವೈನ್ ಆರಿಸಿದ್ದು ಪಿಜ್ಜಾ ನೋಡಿ. ಪಿಜ್ಜಾದಲ್ಲಿ ಮೊದಲು ನಾಲಿಗೆಗೆ ಸಿಗುವುದು ಟೊಮ್ಯಾಟೊ ಹುಳಿ. ವೈನಿನಲ್ಲಿ ಅಷ್ಟೇ ಹುಳಿ ಇಲ್ಲದಿದ್ದರೆ ಅದು ಸಪ್ಪೆ ಅನಿಸುತ್ತದೆ. ಇಟಲಿಯ ಸಾಂಜೊವೇಸೆ ದ್ರಾಕ್ಷಿಯ ರೆಡ್ ವೈನ್ ಟೊಮ್ಯಾಟೊಗೆ ಹೊಂದುವುದು ಇದೇ ಕಾರಣಕ್ಕೆ. ಆ ದ್ರಾಕ್ಷಿಯನ್ನು ಈಗ ಸೋಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲೂ, ನಮ್ಮ ಹಂಪಿಯ ಬೆಟ್ಟಗಳ ಕಡೆಯೂ ಬೆಳೆಯುತ್ತಾರೆ. ಹಂಪಿ ಕಡೆಯ ಬಾಟಲಿ ನಮ್ಮ ಲೆಕ್ಕಕ್ಕೆ ದುಬಾರಿ ಆಗುತ್ತದೆ, ಹಾಗಾಗಿ ಅಕ್ಲೂಜ್‌ನದು ಸಿಕ್ಕಾಗ ಅದನ್ನೇ ತರಿಸುತ್ತೇನೆ. ಹೊರದೇಶದ ವೈನಿನ ಕಡೆ ನಾನು ಹೋಗಲೇ ಇಲ್ಲ. ಬಹಳ ವರ್ಷ ಅದರ ಮೇಲೆ ಶೇ 150ರಷ್ಟು ಕಸ್ಟಮ್ಸ್ ಸುಂಕ ಇತ್ತು. ಗಿರಾಕಿ ಕೊಡುವ ದುಡ್ಡಿನಲ್ಲಿ ದ್ರಾಕ್ಷಿಯ ಪಾಲು ಎಷ್ಟು ಉಳಿದೀತು?

ಎರಡನೆಯದು ಖಾರ. ನಮ್ಮಲ್ಲಿ ಅತಿ ಹೆಚ್ಚು ಹೋಗುವ ಪಿಜ್ಜಾ ಉಳ್ಳಾಗಡ್ಡಿ, ಪನೀರ್, ಹಸಿಮೆಣಸಿನಕಾಯಿಯದು. ಸಾಸಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕುತ್ತೇವೆ. ಅದು ಬಣ್ಣ ಕೊಡುತ್ತದೆ, ಖಾರ ಅಷ್ಟಿಲ್ಲ. ಆದರೂ ಟೇಬಲ್‌ನಿಂದ "ಖಾರ ಸ್ವಲ್ಪ ಜಾಸ್ತಿ ಹಾಕ್ರಿ" ಅನ್ನುವ ಕೂಗು ಬಂದೇ ಬರುತ್ತದೆ. ಈ ಖಾರದ ಮೇಲೆ ಕ್ಯಾಬರ್ನೆ ಸವಿನ್ಯೋನ್ ಅನ್ನುವ ಗಟ್ಟಿ ರೆಡ್ ವೈನ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಆ ವೈನಿನ ಒಗರು, ಆಲ್ಕೋಹಾಲ್ ಎರಡೂ ಖಾರವನ್ನು ಎತ್ತಿ ಹಿಡಿಯುತ್ತವೆ. ಹಿಂದೊಮ್ಮೆ ಒಬ್ಬ ಹಿರಿಯರು ಅದನ್ನು ಒಂದು ಗುಟುಕು ಕುಡಿದು, "ತಮ್ಮಾ, ಇದು ಹಸಿ ಅಡಕಿ ಕಡದಂಗ ಆತಲ್ಲೋ" ಅಂದರು. ಅವರಿಗೆ ಚೆನಿನ್ ಬ್ಲಾಂಕ್ ಅನ್ನುವ ವೈಟ್ ವೈನ್ ಕೊಟ್ಟೆ. ತಣ್ಣಗೆ, ಚೂರು ಸಿಹಿ ಇರುವುದು. ಅದೇ ಪಿಜ್ಜಾದ ಎರಡನೇ ತುಂಡನ್ನು ಅವರು ಆರಾಮಾಗಿ ತಿಂದರು. ನಮ್ಮ ಊರಿನ ನಾಲಿಗೆಗೆ ನಾನು ಮೊದಲು ಹೇಳುವ ವೈನ್ ಈಗ ಇದೇ. ಭಾರತದ ಎಷ್ಟೋ ವೈನರಿಗಳು ಇದನ್ನು ಮಾಡುವುದರಿಂದ ಬೆಲೆಯೂ ಕೈಗೆಟುಕುತ್ತದೆ.

ಮೂರನೆಯ ವೈನ್ ರೋಸೆ, ಅಂದರೆ ತಿಳಿ ಗುಲಾಬಿ ಬಣ್ಣದ್ದು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಟೇಬಲ್‌ನಲ್ಲಿ ನಾಲ್ಕು ಜನ ನಾಲ್ಕು ಥರದ ಪಿಜ್ಜಾ ಹೇಳಿದರೆ ಇದನ್ನೇ ಕೊಡಿ.

ಸಿಹಿ ಪೋರ್ಟ್ ವೈನ್ ಕೇಳುವವರೂ ಇದ್ದಾರೆ. ಬಾರುಗಳಲ್ಲಿ ಅಗ್ಗಕ್ಕೆ ಸಿಗುವುದು ಅದೇ, ಅಭ್ಯಾಸ ಆಗಿದೆ. ಟೊಮ್ಯಾಟೊ ಜೊತೆ ಅದು ಪಾನಕದ ಹಾಗೆ ಭಾರ ಅನಿಸುತ್ತದೆ. ನಾನು ಇಡುವುದಿಲ್ಲ.

ವೈನ್ ಆರಿಸಿದಷ್ಟೇ ಮುಖ್ಯ ಅದನ್ನು ಇಡುವ ರೀತಿ. "ರೆಡ್ ವೈನನ್ನು ರೂಮಿನ ಬಿಸಿಯಲ್ಲೇ ಕೊಡಬೇಕು" ಅನ್ನುವುದು ಚಳಿ ದೇಶದ ಮಾತು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹೊರಗೆ 37–38 ಡಿಗ್ರಿ ಸುಡುತ್ತದೆ, ಒಳಗೆ 400 ಡಿಗ್ರಿ ದಾಟಿದ ಒಲೆ ಬೇರೆ. ಅಂಥ ಕಡೆ ಇಟ್ಟ ಬಾಟಲಿ ಒಳಗೊಳಗೇ ಬೆಂದು ಹೋಗುತ್ತದೆ, ಕುಡಿದರೆ ಬರೀ ಸ್ಪಿರಿಟ್ ಘಾಟು. ನಮ್ಮಲ್ಲಿ ಮದ್ಯದ ಡಿಪೋದಿಂದ ಬಂದ ಬಾಕ್ಸ್ ಒಲೆಯ ಕಡೆ ಸುಳಿಯುವುದೇ ಇಲ್ಲ, ನೇರ ಫ್ರಿಜ್‌ಗೆ. ತಂಪು ಪಾನೀಯದ ಅಂಗಡಿಗಳಲ್ಲಿ ಇರುತ್ತದಲ್ಲ, ಗಾಜಿನ ಬಾಗಿಲಿನ ಫ್ರಿಜ್, ಅದೇ ಸಾಕು. ಸುಮಾರು 8 ಡಿಗ್ರಿಗೆ ಇಟ್ಟಿರುತ್ತೇವೆ. ವೈಟ್, ರೋಸೆ ಹಾಗೆಯೇ ಟೇಬಲ್‌ಗೆ ಹೋಗುತ್ತವೆ. ರೆಡ್ ಬಾಟಲಿಯನ್ನು ಮಾತ್ರ ಆರ್ಡರ್ ಬಂದ ತಕ್ಷಣ ಹೊರಗೆ ತೆಗೆದಿಡುತ್ತೇವೆ. ಪಿಜ್ಜಾ ಬರುವಷ್ಟರಲ್ಲಿ ಅದು ಹದಕ್ಕೆ ಬಂದಿರುತ್ತದೆ. ಈ ಒಂದು ಕೆಲಸ ಮಾಡಿದರೆ ಸಾಧಾರಣ ಬೆಲೆಯ ರೆಡ್ ಕೂಡ ಎಷ್ಟು ಚೆನ್ನಾಗಿರುತ್ತದೆ ಅಂತೀರಿ!

ಇನ್ನು ದುಡ್ಡಿನ ಲೆಕ್ಕ. 750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸ್ ಬರುತ್ತವೆ. ಎರಡು ಗ್ಲಾಸ್ ಹೋದರೆ ಬಾಟಲಿಯ ಅಸಲು ಬರಬೇಕು, ಹಾಗೆ ಬೆಲೆ ಹಾಕುತ್ತೇನೆ. ಮೊದಲ ಗ್ಲಾಸಿನಲ್ಲೇ ಅಸಲು ಎತ್ತಬೇಕು ಅನ್ನುವವರೂ ಈ ಧಂದೆಯಲ್ಲಿ ಇದ್ದಾರೆ. ಹಾಗೆ ಮಾಡಿದರೆ ಹುಬ್ಬಳ್ಳಿಯಲ್ಲಿ ಗಿರಾಕಿ ಎರಡನೇ ಸಲ ವೈನ್ ಕೇಳುವುದಿಲ್ಲ. ಸುರಿಯುವುದು ಅಳತೆ ಗ್ಲಾಸಿನಿಂದಲೇ. ಕಣ್ಣಂದಾಜಿನಲ್ಲಿ ಸುರಿದರೆ ಐದನೇ ಗ್ಲಾಸ್ ಸಿಗುವುದೇ ಇಲ್ಲ. ಕುಡಿಯಲು ಕೊಡುವುದು ಗಿಡ್ಡ, ದಪ್ಪ ಗಾಜಿನ ಲೋಟ. ಇಟಲಿಯ ಸಣ್ಣ ಊಟದ ಮನೆಗಳಲ್ಲೂ ಹೀಗೆ ಕೊಡುವುದುಂಟು. ಒಡೆಯುವುದು ಕಡಿಮೆ, ಮೊದಲ ಸಲ ಕುಡಿಯುವವರಿಗೂ ಮುಜುಗರ ಇರುವುದಿಲ್ಲ.

ತಿರುಪು ಮುಚ್ಚಳದ ಬಾಟಲಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಕಾರ್ಕ್ ತೆಗೆಯುವ ಪೇಚಾಟ ಇಲ್ಲ, ಉಳಿದದ್ದನ್ನು ಮತ್ತೆ ಮುಚ್ಚುವುದೂ ಸಲೀಸು. ಬಾಟಲಿ ತೆರೆದ ಕೂಡಲೇ ಕೊರಳಿಗೆ ಟೇಪ್ ಅಂಟಿಸಿ ತಾರೀಕು ಬರೆಯುತ್ತೇವೆ. ತೆರೆದ ರೆಡ್ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಆಮೇಲೆ ಗಿರಾಕಿಗೆ ಕೊಡುವುದಿಲ್ಲ. ಅದು ಅಡುಗೆಮನೆಗೆ ಹೋಗುತ್ತದೆ. ತೆಳುವಾಗಿ ಹೆಚ್ಚಿದ ಉಳ್ಳಾಗಡ್ಡಿಗೆ ಸುರಿದು, ಸಣ್ಣ ಉರಿಯಲ್ಲಿ ಜಾಮ್‌ನಷ್ಟು ಗಟ್ಟಿಯಾಗುವವರೆಗೆ ಬೇಯಿಸಿ, ಚೀಸ್ ಪಿಜ್ಜಾದ ಮೇಲೆ ಹರಡುತ್ತೇವೆ.