ಮನ್ಯಾಗ ಹೊಟ್ಟಿ, ಹೊರಗ ಕೌದಿ

ಎರಡು ವರ್ಷ ತುಂಬಿದ ಮೇಲೆ ಮಗನಿಗೆ ಎದೆಹಾಲು ಬಿಡಿಸಿದೆ. ಹಾಲು ಬಿಟ್ಟ, ಹೊಟ್ಟೆ ಹಿಡಿದ. ಸೀರೆಯ ಸಂದಿಯಲ್ಲಿ ಕೈ ತೂರಿಸಿ, ನನ್ನ ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಹೊಸೆಯುತ್ತಿದ್ದರೆ ಮಾತ್ರ ಅವನಿಗೆ ನಿದ್ದೆ. ರಾತ್ರಿ ಮನೆಯಲ್ಲಾದರೆ ಸರಿ. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಂಕಿನ ಪಾಳಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಸೆರಗು ಸರಿಸಿ ಕೈ ಹಾಕಿದರೆ ಏನು ಮಾಡೋದು? ಕೈ ತೆಗೆದರೆ ಓಣಿಗೆಲ್ಲ ಕೇಳುವಂಥ ಅಳು.

"ಬೇವಿನೆಣ್ಣಿ ಹಚ್ಚವಾ, ತಾನಾ ಬಿಡ್ತಾನ" ಅಂದರು ಅತ್ತೆ. ನಾನು ಒಪ್ಪಲಿಲ್ಲ. ಅದೇ ಬೆರಳು ಕಣ್ಣಿಗೂ ಹೋಗುತ್ತದೆ, ಬಾಯಿಗೂ ಹೋಗುತ್ತದೆ. ಅಲ್ಲದೆ, ಹೆದರಿ ಓಡಿ ಬಂದ ಕೂಸಿಗೆ ಅವ್ವನ ಹತ್ತಿರವೂ ಕಹಿಯೇ ಸಿಕ್ಕರೆ ಅದು ಇನ್ನೆಲ್ಲಿಗೆ ಹೋಗಬೇಕು? ಬೆರಳು ಚೀಪುವುದು, ಕಿವಿ ಹಿಂಡುವುದು, ಕೂದಲು ಸುತ್ತುವುದು ಎಲ್ಲವೂ ಇದೇ ಜಾತಿಯವು. ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತದೆ, ಅಷ್ಟೇ. ಬೆರಳು ಚೀಪುವ ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವೇ ಬಿಡುತ್ತವೆ. 4 ದಾಟಿದರೂ ಬಿಡದಿದ್ದರೆ ಹಲ್ಲು ಮುಂದೆ ಬರಬಹುದು, ಡಾಕ್ಟರಿಗೆ ತೋರಿಸಬೇಕು. ಹೊಟ್ಟೆ ಹಿಡಿಯುವುದರಲ್ಲಿ ಆ ಭಯವೂ ಇಲ್ಲ. ನಾಚಿಕೆ ನನ್ನದು, ಅವನದಲ್ಲ.

ಹಾಗಾಗಿ ಬಿಡಿಸುವ ಯೋಚನೆ ಕೈಬಿಟ್ಟು, ಅವನ ಕೈಗೆ ಬೇರೆ ಜಾಗ ಹುಡುಕಿದೆ. ಮೊದಲು ಸುಮ್ನೆ ಗಮನಿಸಿದೆ. ಕೈ ಬರುತ್ತಿದ್ದದ್ದು ನಿದ್ದೆ ಬಂದಾಗ, ಹಸಿವಾದಾಗ, ಇಲ್ಲಾ ಹೊಸ ಮುಖಗಳು ಮುತ್ತಿಕೊಂಡಾಗ. ಗಂಗಾವತಿಗೆ ತವರಿಗೆ ಹೋಗುವಾಗ ಮಧ್ಯಾಹ್ನದ ಬಸ್ಸು ಬಿಟ್ಟು ಬೆಳಿಗ್ಗೆಯದು ಹಿಡಿಯತೊಡಗಿದೆ. ಅರ್ಧ ರಗಳೆ ಅಲ್ಲೇ ಕಡಿಮೆಯಾಯಿತು.

ಉಳಿದರ್ಧಕ್ಕೆ ಕೌದಿ. ತವರಿಂದ ಕಿನ್ನಾಳದ ಮರದ ಗೊಂಬೆ ತಂದಿದ್ದರು. ನೋಡೋಕೆ ಚಂದ, ಹಿಂಡೋಕೆ ಬರಲ್ಲ! ಅವನ ಬೆರಳಿಗೆ ಬೇಕಿದ್ದದ್ದು ಮೆತ್ತಗಿನದು. ನನ್ನ ಹಳೇ ನೂಲಿನ ಸೀರೆ ಹರಿದು, ಪದರದ ಮೇಲೆ ಪದರ ಇಟ್ಟು, ಅತ್ತೆಯೇ ಕರ್ಚೀಫಿಗಿಂತ ಸ್ವಲ್ಪ ದೊಡ್ಡ ಕೌದಿ ಹೊಲಿದುಕೊಟ್ಟರು. ಒಂದು ಮೂಲೆಯಲ್ಲಿ ಬಟ್ಟೆಯನ್ನು ದಪ್ಪಗೆ ಮಡಚಿ, ಬೆರಳಿಗೆ ಸಿಗುವಂತೆ ಗುಬುಟು ಮಾಡಿಸಿದೆ. ಗುಂಡಿ, ಮಣಿ, ಉದ್ದ ದಾರ ಬೇಡ ಅಂದೆ. ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಕೊಡುವ ಮುಂಚೆ ಕೆಲವು ರಾತ್ರಿ ಅದನ್ನು ನಾನೇ ಸೊಂಟಕ್ಕೆ ಸಿಗಿಸಿಕೊಂಡು ಮಲಗಿದೆ, ನನ್ನ ಮೈವಾಸನೆ ಹತ್ತಲಿ ಅಂತ. ಅಂಥದ್ದು ಎರಡು ಇರಲೇಬೇಕು. ಒಂದನ್ನು ಒಗೆದ ದಿನ ಇನ್ನೊಂದು ಕೈಗೆ ಸಿಗದಿದ್ದರೆ ದೇವರೇ ಗತಿ.

ಮಲಗುವಾಗ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಕೌದಿ. ಹೀಗೆ ಶುರು ಮಾಡಿದೆ. ಅದು ರೂಢಿಯಾದ ಮೇಲೆ ಹೊರಗೆ ಹೊರಟಾಗಲೆಲ್ಲ ಒಂದೇ ಮಾತು: "ಮನ್ಯಾಗ ಹೊಟ್ಟಿ, ಹೊರಗ ಕೌದಿ." ಛೀ ಅನ್ನಲಿಲ್ಲ, ಕೈ ತಳ್ಳಲಿಲ್ಲ. ಸೆರಗಿನೊಳಗೆ ಬಂದ ಕೈಯನ್ನು ಮೆಲ್ಲಗೆ ಹಿಡಿದು ಗುಬುಟಿನ ಮೇಲೆ ಇಡುತ್ತಿದ್ದೆ. ಹೊರಗೆ ಹೋಗುವಾಗ ಸೀರೆ ಬದಲು ಚೂಡಿದಾರ ಹಾಕಿದ್ದೂ ಅನುಕೂಲವಾಯಿತು. ಮೊದಮೊದಲು ಕೌದಿ ಬಿಸಾಕಿದ. ಆಮೇಲೆ ತಾನೇ "ಕೌದಿ" ಅಂತ ಕೇಳತೊಡಗಿದ.

ಮಗನಿಗಿಂತ ಕಷ್ಟವಾದದ್ದು ದೊಡ್ಡವರು. "ಎಲ್ಲೋ, ನಿಮ್ಮವ್ವನ ಹೊಟ್ಟಿ ಎಲ್ಲೈತಿ?" ಅಂತ ಕಾಡಿಸುವುದು, ಎಲ್ಲರೂ ನಗುವುದು. ಪ್ರತಿ ಸಲ ಅವನ ಕೈ ಸೀದಾ ನನ್ನ ಸೊಂಟಕ್ಕೆ. ಕೊನೆಗೆ ನಾದಿನಿಗೆ ನೇರವಾಗಿ ಹೇಳಿದೆ, "ನೀವು ನೆನಪು ಮಾಡಿದ್ರ ಅವ ಹ್ಯಾಂಗ ಮರೀತಾನ?" ಸ್ವಲ್ಪ ಮುನಿಸಿಕೊಂಡರು. ಕಾಡಿಸುವುದು ಮಾತ್ರ ನಿಂತಿತು.

ಎಲ್ಲ ಕಡೆ ಇದು ನಡೆಯುತ್ತದೆ ಅನ್ನಲಾರೆ. ಜನವರಿಯಲ್ಲಿ ಗವಿಮಠದ ಜಾತ್ರೆ. ತೇರಿನ ದಿನ ಲಕ್ಷಗಟ್ಟಲೆ ಜನ. ಆ ಗದ್ದಲದಲ್ಲಿ ಕೌದಿಗೂ ಅವನು ಜಗ್ಗಲಿಲ್ಲ. ದುಪಟ್ಟಾ ಅಡ್ಡ ಹಿಡಿದು ಹೊಟ್ಟೆಯನ್ನೇ ಕೊಟ್ಟೆ. ಯಾರೋ ನೋಡಿದರು, ನೋಡಲಿ ಬಿಡಿ. ಮರುದಿನ ಮತ್ತೆ ಕೌದಿಗೇ ಬಂದ, ಒಂದು ಸಲ ಬಿಟ್ಟುಕೊಟ್ಟದ್ದಕ್ಕೆ ಏನೂ ಕೆಡಲಿಲ್ಲ.

ಈಗ ಮೂರು ವರ್ಷ ಹತ್ತಿರ ಬಂತು. ಹೊರಗೆ ಹೆಚ್ಚುಕಡಿಮೆ ನಿಂತಿದೆ, ಮನೆಯಲ್ಲಿ ರಾತ್ರಿ ಮಾತ್ರ. ಜ್ವರ ಬಂದರೆ ಹಗಲೂ ಹೊಟ್ಟೆಯೇ ಬೇಕು. ಆಗ ನಾನು ಕೌದಿಯ ಹೆಸರೇ ಎತ್ತುವುದಿಲ್ಲ, ಉಗುರು ಮಾತ್ರ ಮೊದಲೇ ಕತ್ತರಿಸಿಟ್ಟಿರುತ್ತೇನೆ.