ಹೆಬ್ಬೆರಳಿನ ಲೆಕ್ಕದ ಪುಸ್ತಕ

ಚಿತ್ರದುರ್ಗದ ಕೋಟೆಯನ್ನು ಬೆಳಗಿನ ಹೊತ್ತು ಹತ್ತುವ ನಮ್ಮ ಗುಂಪಿನಲ್ಲಿ ಕಾಲ್ಬೆರಳಿನ ನೋವಿಗೆ ಎರಡೇ ತೀರ್ಪುಗಳಿದ್ದವು. "ಬಿಡ್ರಿ ಮೇಷ್ಟ್ರೆ, ಬರೀ ಉಳುಕು" ಎನ್ನುವುದು ಒಂದು. "ಇವತ್ತೇ ಎಕ್ಸ್‌ರೇ ತೆಗೆಸ್ರಿ" ಎನ್ನುವುದು ಇನ್ನೊಂದು. ಹೇಳುವವರ ಮನೆಯಲ್ಲಿ ಹಿಂದೆ ಏನಾಗಿತ್ತೋ ಅದನ್ನು ನೋಡಿಕೊಂಡು ತೀರ್ಪು ಬರುತ್ತಿತ್ತೇ ಹೊರತು ಬೆರಳನ್ನು ನೋಡಿಕೊಂಡು ಅಲ್ಲ. ದೈಹಿಕ ಶಿಕ್ಷಕನಾಗಿ 22 ವರ್ಷ ಮಕ್ಕಳ ಕಾಲುಗಳನ್ನು ಕಂಡಿದ್ದರೂ, ನನ್ನ ಕಾಲಿನ ವಿಷಯದಲ್ಲಿ ನಾನೂ ಎರಡೂ ಬಗೆಯ ತಪ್ಪು ಮಾಡಿ ಹಣ ಕಳೆದುಕೊಂಡವನೇ.

ಮೊದಲ ತಪ್ಪು ಅವಸರದ್ದು. ಏಳೆಂಟು ವರ್ಷಗಳ ಹಿಂದೆ ಖೋಖೋ ಕಂಬಕ್ಕೆ ನಾಲ್ಕನೆಯ ಬೆರಳು ಬಡಿದಾಗ ಅದೇ ರಾತ್ರಿ ಆಸ್ಪತ್ರೆಗೆ ಓಡಿ ಸುಮಾರು 1,800 ರೂಪಾಯಿ ತೆತ್ತೆ. ವೈದ್ಯರು ಮಾಡಿದ್ದು ಇಷ್ಟೇ: ನಡುವೆ ಹತ್ತಿ ಇಟ್ಟು ಪಕ್ಕದ ಬೆರಳಿಗೆ ಅಂಟುಪಟ್ಟಿಯಿಂದ ಸುತ್ತಿದರು, ಗಟ್ಟಿ ಅಡಿಯ ಬೂಟು ಹಾಕಿಕೊಳ್ಳಲು ಹೇಳಿದರು. ಕಿರಿಯ ಬೆರಳುಗಳು ನೆಟ್ಟಗಿದ್ದರೆ, ಮೂಳೆ ಸೀಳಿದ್ದರೂ ಹೆಚ್ಚಿನಂಶ ಇದೇ ಚಿಕಿತ್ಸೆ. ಎರಡನೆಯ ತಪ್ಪು ತಡದ್ದು. ಎಡಗಾಲಿನ ಹೆಬ್ಬೆರಳು ಹಿಂದಕ್ಕೆ ಮಡಿಚಿಕೊಂಡಾಗ ನಾಲ್ಕು ತಿಂಗಳು ಎಣ್ಣೆ ತಿಕ್ಕಿದೆ, ಮೊಟ್ಟೆಯ ಲೋಳೆ ಹಚ್ಚುವ ನಾಟಿ ಕಟ್ಟನ್ನು ಐದು ಸಲ ಹಾಕಿಸಿದೆ, ಬೂಟಿನದೇ ದೋಷವಿರಬಹುದೆಂದು ನಾಲ್ಕು ಸಾವಿರ ಚಿಲ್ಲರೆಗೆ ಹೊಸ ಬೂಟು ಕೊಂಡೆ. ಎಲ್ಲ ಸೇರಿ ಆರೇಳು ಸಾವಿರ ಕರಗಿತು. ಬುಡದ ಕೀಲನ್ನು ಹಿಡಿದಿಡುವ ಲಿಗಮೆಂಟು ಹರಿದಿತ್ತೆಂಬುದು ತಿಳಿಯುವ ಹೊತ್ತಿಗೆ ಕೀಲು ಬಿಗಿದುಕೊಂಡಿತ್ತು. ಆ ಬೆರಳು ಇಂದಿಗೂ ಪೂರ್ತಿ ಮಡಿಯುವುದಿಲ್ಲ.

ಆ ನಷ್ಟದ ನಂತರ ಇನ್ನೂರು ಪುಟದ ಒಂದು ನೋಟುಪುಸ್ತಕ ಇಟ್ಟುಕೊಂಡೆ. ಮೂರು ದಿನಕ್ಕೊಮ್ಮೆ, ಸ್ನಾನಕ್ಕೆ ಮುಂಚೆ, ಮೂರು ಪರೀಕ್ಷೆಗಳು: ಹಾಸಿಗೆಯಿಂದೆದ್ದ ಮೊದಲ ಹತ್ತು ಹೆಜ್ಜೆಗಳ ನೋವಿಗೆ ಹತ್ತರಲ್ಲಿ ಅಂಕ, ಪೆನ್ನಿನಿಂದ ಗುರುತಿಟ್ಟ ಒಂದೇ ಬಿಂದುವನ್ನು ಒತ್ತಿದಾಗ ಆಗುವ ನೋವಿಗೆ ಅಂಕ, ಒಂಟಿ ಕಾಲಿನಲ್ಲಿ ತುದಿಗಾಲ ಮೇಲೆ ಎಷ್ಟು ಸಲ ಏಳಬಲ್ಲೆ ಎಂಬ ಎಣಿಕೆ, ಪಕ್ಕದಲ್ಲಿ ನೋವಿಲ್ಲದ ಕಾಲಿನ ಎಣಿಕೆ. ಎರಡು ವಾರದಲ್ಲಿ ಒತ್ತುನೋವು ಅರ್ಧಕ್ಕೆ ಇಳಿಯದಿದ್ದರೆ ಮೂಳೆ ವೈದ್ಯರ ಬಳಿಗೆ ಹೋಗುವುದು, ಇಳಿದಿದ್ದರೆ ಮನೆಯಲ್ಲಿರುವುದು. ನೋವು ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದೇ ನನಗೆ ಬೇಕಾಗಿತ್ತು. ಒತ್ತುವ ಬಿಂದುವನ್ನು ಹುಡುಕುವುದಕ್ಕೆ ನನ್ನದೇ ಒಂದು ಕ್ರಮವಿದೆ. ಅದನ್ನು ಮೈದಾನಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ. "ಬೆರಳಿಗೂ ಮಾರ್ಕ್ಸ್ ಕಾರ್ಡಾ ಮೇಷ್ಟ್ರೆ?" ಎಂದು ಗುಂಪಿನವರು ನಕ್ಕರು.

ಪುಸ್ತಕಕ್ಕೆ ನಿಜವಾದ ಪರೀಕ್ಷೆ ಬಂದದ್ದು ಕೋಟೆಯ ತುಪ್ಪದ ಕೊಳದ ಬತೇರಿ ಎಂಬ ಬುರುಜಿನಿಂದ ಇಳಿಯುವಾಗ, ಬಂಡೆಯಲ್ಲಿ ಪಾದ ಹಿಡಿಯುವಷ್ಟೇ ಕಡಿದ ಮೆಟ್ಟಿಲುಗಳನ್ನು ಬಿಟ್ಟು ಕೊನೆಯ ಮಾರುದ್ದವನ್ನು ನಾನು ಹಾರಿದ ದಿನ. ಬಲಗಾಲಿನ ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ ಮೈಭಾರವೆಲ್ಲ ಬಿತ್ತು. ಮೊದಲ ದಿನ ಒತ್ತುನೋವು 8, ತುದಿಗಾಲು ಸೊನ್ನೆ. ಐದನೆಯ ದಿನ ಮನೆಯವಳ ಒತ್ತಾಯಕ್ಕೆ ಊರಿನಲ್ಲೇ ಎಕ್ಸ್‌ರೇ ತೆಗೆಸಿದ್ದಾಯಿತು. 400 ರೂಪಾಯಿ, "ಏನೂ ಇಲ್ಲ" ಎಂಬ ಉತ್ತರ. ಗುಂಪಿನ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಏಳನೆಯ ದಿನ 7 ಬಂದ ಒತ್ತುನೋವು ಹತ್ತನೆಯ ದಿನ ಒಮ್ಮೆಗೇ 3 ಆಯಿತು. ಹಿಗ್ಗಿ ಕೋಟೆ ಹತ್ತಿಬಿಟ್ಟೆ. ಹೊಳಲ್ಕೆರೆಯ ಮದುವೆಯೊಂದರಲ್ಲಿ ಓಡಾಡಬೇಕೆಂದು ಎರಡು ದಿನ ನೋವಿನ ಮಾತ್ರೆ ನುಂಗಿದ್ದೆನೆಂಬುದು ನೆನಪಾದದ್ದು ಇಳಿದು ಬಂದ ಮೇಲೆ. ಹದಿಮೂರನೆಯ ದಿನ ಮತ್ತೆ 7. ಮಾತ್ರೆ ತಿಂದ ದಿನದ ಅಂಕ ಅಂಕವೇ ಅಲ್ಲ ಎಂದು ಅಂದು ಬರೆದುಕೊಂಡೆ. ಈ ನಡುವೆ ಒಬ್ಬರು ಯೂರಿಕ್ ಆಮ್ಲವಿರಬೇಕೆಂದರು, ಮುನ್ನೂರು ಚಿಲ್ಲರೆ ಕೊಟ್ಟು ರಕ್ತ ಪರೀಕ್ಷೆಯನ್ನೂ ಮಾಡಿಸಿದೆ, ಸಹಜವೆಂದು ಬಂತು. ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದುವ ಗೌಟ್ ಎಂಬ ಕಾಯಿಲೆ ಬಂದ ಹೊತ್ತಿನಲ್ಲೂ ಈ ಪರೀಕ್ಷೆ ಕೆಲವೊಮ್ಮೆ ಸಹಜವೆಂದೇ ಬರುತ್ತದೆಯಾದ್ದರಿಂದ ಅದನ್ನೊಂದೇ ನಂಬುವಂತಿರಲಿಲ್ಲ. ಆದರೆ ಗೌಟ್ ಬಹುತೇಕ ರಾತ್ರಿ ಇದ್ದಕ್ಕಿದ್ದಂತೆ ಬೆರಳನ್ನು ಕೆಂಪಗೆ ಊದಿಸಿ, ಹೊದಿಕೆ ತಾಗಿದರೂ ಕಿರುಚುವಂತೆ ಮಾಡುತ್ತದೆ, ನನಗಾದರೋ ನೆಲವನ್ನು ಒದ್ದು ಹೆಜ್ಜೆ ಎತ್ತುವಾಗ ಮಾತ್ರ ನೋವು. ಉಪ್ಪಿನ ಶಾಖವನ್ನೂ ಮಂಜುಗಡ್ಡೆಯನ್ನೂ ವಾರ ವಾರ ಬದಲಿಸಿ ನೋಡಿದ ನನ್ನ ಪ್ರಯೋಗದಿಂದ ಅಂಕದಲ್ಲಿ ಯಾವ ವ್ಯತ್ಯಾಸವೂ ಬರಲಿಲ್ಲ.

ಹದಿನಾರನೆಯ ದಿನದ ಪುಟವೇ ತೀರ್ಮಾನ ಮಾಡಿದ್ದು. ನಡಿಗೆಯ ನೋವು 2ಕ್ಕೆ ಇಳಿದಿತ್ತು, ಒತ್ತುನೋವು 6ರಲ್ಲೇ ನಿಂತಿತ್ತು, ತುದಿಗಾಲು ಎಡಕ್ಕೆ 15, ಬಲಕ್ಕೆ 3. ನಡಿಗೆ ಸುಧಾರಿಸಿದ್ದನ್ನೇ ಎಲ್ಲರೂ ಗುಣವೆಂದು ಹೇಳುತ್ತಿದ್ದರು. ಬಲಬೂಟನ್ನು ತಿರುಗಿಸಿ ನೋಡಿದಾಗ ಅಡಿಯ ಹೊರ ಅಂಚು ಮಾತ್ರ ಸವೆದಿರುವುದು ಕಂಡಿತು: ಬೆರಳು ವಾಸಿಯಾಗಿರಲಿಲ್ಲ, ಬೆರಳಿಗೆ ಭಾರ ಬೀಳದಂತೆ ನಡೆಯುವುದನ್ನು ಕಾಲು ಕಲಿತಿತ್ತು.

ಮರುದಿನವೇ ದಾವಣಗೆರೆಯ ಬಸ್ಸು ಹತ್ತಿದೆ. ಅಲ್ಲಿಯ ಮೂಳೆ ವೈದ್ಯರು ಪುಸ್ತಕದ ಪುಟವನ್ನು ಒಂದು ನಿಮಿಷ ಓದಿ, ನಾನು ಗುರುತಿಟ್ಟಿದ್ದ ಬಿಂದುವನ್ನೇ ಒತ್ತಿ, ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಉಬ್ಬಿನ ಕೆಳಭಾಗ ಕಾಣುವಂತೆ ಬೇರೊಂದು ಕೋನದಲ್ಲಿ ಎಕ್ಸ್‌ರೇ ತೆಗೆಸಿದರು. ಹೆಬ್ಬೆರಳಿನ ಬುಡದಡಿಯಲ್ಲಿ ಎಳ್ಳಿನಿಂದಲೇ ಹೆಸರು ಪಡೆದ ಸೆಸಮಾಯ್ಡ್ ಎಂಬ ಎರಡು ಪುಟ್ಟ ಮೂಳೆಗಳಿವೆ, ಒಳಬದಿಯದು ಮುರಿದಿತ್ತು. ಕೆಲವರಿಗೆ ಈ ಮೂಳೆ ಹುಟ್ಟಿನಿಂದಲೇ ಎರಡು ಹೋಳಾಗಿರುತ್ತದೆಯಂತೆ, ಅಂಥದ್ದರ ಅಂಚು ನುಣುಪಾಗಿರುತ್ತದೆ. ನನ್ನದರ ಅಂಚು ಒರಟಾಗಿತ್ತು. ಗಟ್ಟಿ ಅಡಿಯ ಬೂಟು, ಉಬ್ಬಿನ ಜಾಗದಲ್ಲಿ ತೂತು ಮಾಡಿದ ಮೆತ್ತೆ, ಆರು ವಾರ ಓಟ ಬಂದ್. ಬೆಣ್ಣೆದೋಸೆಯನ್ನೂ ಸೇರಿಸಿ ಖರ್ಚು ಎರಡೂವರೆ ಸಾವಿರದ ಆಸುಪಾಸು. ಮೆತ್ತೆಯನ್ನು ಹಳೆಯ ಯೋಗ ಚಾಪೆಯಿಂದ ನಾನೇ ಕತ್ತರಿಸಿಕೊಂಡೆ. ತೂತಿನ ಅಳತೆ ನನ್ನಲ್ಲೇ ಇರಲಿ. ಹನ್ನೊಂದನೆಯ ವಾರ ಬತೇರಿಯ ಮೇಲೆ ನಿಂತಾಗ, ಮಾರ್ಕ್ಸ್ ಕಾರ್ಡ್ ಎಂದು ನಕ್ಕಿದ್ದವರೇ ಪುಟದ ನಕಲು ಕೇಳಿದರು.

ನಕಲು ಕೊಟ್ಟೆ, ಆದರೆ ಮೊದಲ ಪುಟವನ್ನು ಬದಲಿಸಿ ಕೊಟ್ಟೆ. ಬೆರಳು ಸೊಟ್ಟಗಾಗಿದ್ದರೆ, ಚರ್ಮ ಒಡೆದಿದ್ದರೆ, ಜೋಮು ಹಿಡಿದಿದ್ದರೆ, ತಣ್ಣಗಾಗಿ ನೀಲಿಗಟ್ಟಿದ್ದರೆ, ಕಾಲೂರಲೇ ಆಗದಿದ್ದರೆ, ಕೀವು ಅಥವಾ ಜ್ವರ ಬಂದಿದ್ದರೆ ಅಂಕ ಬರೆಯುತ್ತ ಕೂರುವಂತಿಲ್ಲ ಎಂಬುದು ಮೊದಲಿನಿಂದಲೂ ಅಲ್ಲಿತ್ತು. ಇಲ್ಲದಿದ್ದದ್ದು ನನ್ನ ಸೋದರಮಾವನ ಕಥೆ. ಚಪ್ಪಲಿಯ ಉಂಗುಷ್ಟ ಒತ್ತಿದ ಅವರ ಬೆರಳನ್ನು ನಾನೇ ಪರೀಕ್ಷಿಸಿ, ನೋವಿಲ್ಲವೆಂದು ಹೆಮ್ಮೆಯಿಂದ ಸೊನ್ನೆ ಹಾಕಿದ್ದೆ. ಮಾವನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಪಾದದ ಸ್ಪರ್ಶವೇ ಹೋಗಿತ್ತು. ವಾರದ ಮೇಲೆ ಕಾಲುಚೀಲದಲ್ಲಿ ಕಲೆ ಕಂಡ ಅವರ ಮಗಳು ಆಸ್ಪತ್ರೆಗೆ ಸೇರಿಸಿದ್ದರಿಂದ ಬೆರಳು ಉಳಿಯಿತು. ಈಗ ಮೊದಲ ಪುಟದ ಮೊದಲ ಸಾಲಿನಲ್ಲಿ ಸಕ್ಕರೆ ಇದೆಯೇ ಎಂಬ ಪ್ರಶ್ನೆ ಕೆಂಪು ಶಾಯಿಯಲ್ಲಿದೆ. ಹೌದು ಎಂದವರಿಗೆ ಅಂಕ ಬರೆಯುವ ಎರಡನೆಯ ಪುಟವನ್ನು ನಾನು ಕೊಡುವುದಿಲ್ಲ.